ಅರ್ಧ ಲೋಟ

ಆ ಸಭೆಗೆ ಬೋರ್ಡ್ ಇರಲಿಲ್ಲ. ನಮ್ಮ ಯಜಮಾನರ ಫ್ಯಾಕ್ಟರಿಯ ಡಾಕ್ಟರು ಮಾತ್ರೆ ಚೀಟಿಯ ಹಿಂದೆ ಬರೆದುಕೊಟ್ಟದ್ದು ಇಷ್ಟೇ: ಶಿವಾಜಿನಗರ, ಚರ್ಚಿನ ಹಿಂದಿನ ಶಾಲೆ, ಭಾನುವಾರ ಬೆಳಗ್ಗೆ ಹತ್ತು. "ಕುಡಿತ ಬಿಟ್ಟವರು, ಬಿಡಬೇಕು ಅನ್ನೋರು ಸೇರ್ತಾರೆ. ತಿಂಗಳ ಕೊನೇ ಭಾನುವಾರ ಮನೆಯವರೂ ಹೋಗಬಹುದು. ಲಿವರ್ ಊದಿದೆಯಮ್ಮ, ಇನ್ನು ತಡ ಮಾಡಬೇಡಿ" ಎಂದಿದ್ದರು.

ಚೀಟಿಯನ್ನು ಇವರ ಮುಂದಿಟ್ಟೆ.

"ನಾನೇನು ರಸ್ತೇಲಿ ಬಿದ್ದಿರ್ತೀನೇನೇ? ಒಂದಿನ ಡ್ಯೂಟಿ ತಪ್ಪಿಸಿದೀನಾ?"

ನಿಜ, ತಪ್ಪಿಸಿರಲಿಲ್ಲ. ಕೆ.ಆರ್. ಪುರಕ್ಕೆ ಹೋಗುವ ಫ್ಯಾಕ್ಟರಿ ಬಸ್ಸು ಹಲಸೂರಿನ ನಮ್ಮ ಬೀದಿ ತುದಿಗೆ ಬರುವಷ್ಟರಲ್ಲಿ ಇಸ್ತ್ರಿ ಶರಟು ಹಾಕಿಕೊಂಡು ನಿಂತಿರುತ್ತಿದ್ದರು.

ನನಗೆ ಇನ್ನೊಂದು ಸಣ್ಣ ನೋವಿತ್ತು, ಡಾಕ್ಟರಿಗೆ ಹೇಳುವಂಥದ್ದಲ್ಲ. ಬೆಳಗಿನ ಕಾಫಿ ಕೊಡಲು ಹೋದರೆ "ಅಲ್ಲಿಡು" ಅನ್ನುತ್ತಿದ್ದರು. ನಾನು ಅಡುಗೆಮನೆಗೆ ತಿರುಗುವ ತನಕ ಲೋಟ ಮುಟ್ಟುತ್ತಿರಲಿಲ್ಲ. ಆಮೇಲೆ ಬಂದು ನೋಡಿದರೆ ಲೋಟ ಖಾಲಿ, ಸ್ಟೂಲಿನ ಮೇಲೆ ಪೇಪರಿನಿಂದ ಒರೆಸಿದ ಒದ್ದೆ ಗುರುತು. ನನ್ನ ಕೈಯಿಂದ ಕಾಫಿ ತೆಗೆದುಕೊಳ್ಳುವುದೂ ಬೇಡವಾಯಿತಲ್ಲ ಎಂದುಕೊಳ್ಳುತ್ತಿದ್ದೆ.

ಆ ತಿಂಗಳ ಕೊನೆಯ ಭಾನುವಾರ, "ಬ್ಲೌಸ್ ಪೀಸ್ ಮ್ಯಾಚ್ ಮಾಡಿಸ್ಕೊಂಡು ಬರ್ತೀನಿ" ಎಂದು ಕಮರ್ಷಿಯಲ್ ಸ್ಟ್ರೀಟಿನ ಹೆಸರು ಹೇಳಿ ಒಬ್ಬಳೇ ಹೊರಟೆ. ಶಾಲೆಯ ಗೇಟಿನೊಳಗೆ ವಯಸ್ಸಾದ ಸಿಸ್ಟರೊಬ್ಬರು ಎದುರಾದರು. ಹತ್ತು ವರ್ಷ ಕಾನ್ವೆಂಟಿನಲ್ಲಿ ಓದಿದ ಮೈ, ತಾನಾಗಿಯೇ ನೆಟ್ಟಗಾಯಿತು. "ಗುಡ್ ಮಾರ್ನಿಂಗ್ ಸಿಸ್ಟರ್" ಎಂದು ರಾಗವಾಗಿ ಹೇಳಿಯೂಬಿಟ್ಟೆ. ಯಾಕೆ ಬಂದಿರಿ ಎಂದರು. ಕುಡಿತ ಎನ್ನುವ ಮಾತು ಅವರೆದುರು ನಾಲಗೆಗೆ ಬರಲೊಲ್ಲದು.

"ಅಡ್ಮಿಷನ್‌ಗೆ" ಎಂದೆ.

"ಭಾನುವಾರವೇ?" ಎಂದು ನಕ್ಕು ಪ್ರಾರ್ಥನೆಗೆ ಹೋದರು.

ಇದನ್ನೆಲ್ಲ ಕೇಳಿಸಿಕೊಂಡ ವಾಚ್‌ಮನ್ ಹತ್ತಿರ ಬಂದ. "ಟೀ ಮೀಟಿಂಗ್ ತಾನೇ ಅಮ್ಮಾ? ಹಿಂದ್ಗಡೆ ಹೋಗಿ, ಎಲ್‌ಕೆಜಿ ಕ್ಲಾಸು."

"ನಿನಗೆ ಹೇಗಪ್ಪಾ ಗೊತ್ತಾಯ್ತು?"

"ಅಡ್ಮಿಷನ್‌ಗೆ ಬಂದೋರು ಮಗು ಕರ್ಕೊಂಡ್ ಬರ್ತಾರೆ."

ಎಲ್‌ಕೆಜಿ ಕ್ಲಾಸಿನ ಪುಟ್ಟ ಕುರ್ಚಿಗಳಲ್ಲಿ ಹನ್ನೆರಡು ಜನ ದೊಡ್ಡ ಗಂಡಸರು ಮಂಡಿ ಎದೆಗೆ ತಾಗಿಸಿಕೊಂಡು ಕೂತಿದ್ದರು. ಗೋಡೆಯ ಮೇಲೆ ಆನೆ, ಸೇಬು, ಕೊಡೆ. ಒಬ್ಬರು ತಮಿಳಿನಲ್ಲಿ, ಒಬ್ಬರು ಉರ್ದುವಿನಲ್ಲಿ, ಒಬ್ಬರು ಕನ್ನಡದಲ್ಲಿ ತಮ್ಮ ಕತೆ ಹೇಳಿದರು. ಯಾರೂ ಯಾರಿಗೂ ಬುದ್ಧಿ ಹೇಳಲಿಲ್ಲ. ಟೀ ಕೆಟಲಿನ ಪಕ್ಕ ಕೂತಿದ್ದ ಬಿಳಿ ಮೀಸೆಯ ಹಿರಿಯರು, "ಯಜಮಾನ್ರು ಬರ್ಲಿಲ್ವಾ ಅಮ್ಮ?" ಎಂದರು.

"ಬರಲ್ಲ ಅಂದ್ರು."

"ನಾನೂ ಆರು ವರ್ಷ ಹಂಗೇ ಅಂದಿದ್ದೆ. ಈಗ ನೋಡಿ, ಹೋಗು ಅಂದ್ರೂ ಹೋಗಲ್ಲ." ಎಲ್ಲರೂ ನಕ್ಕರು.

ಸುಮ್ಮನೆ ಕೂರಲಾಗದೆ, ಟೀ ನಾನು ಹಾಕಿಕೊಡುತ್ತೇನೆ ಎಂದು ಎದ್ದೆ. ನಮ್ಮ ಮನೆಯಲ್ಲಿ ಅರ್ಧ ಲೋಟ ಕೊಡುವುದೆಂದರೆ ಬಂದವರನ್ನು ಬೇಗ ಏಳಿ ಎಂದಂತೆ. ಹಾಗಾಗಿ ಪ್ರತಿ ಗಾಜಿನ ಲೋಟವನ್ನೂ ಕಂಠದ ತನಕ ತುಂಬಿಸಿದೆ. ಬಾಗಿಲ ಬಳಿ ಕೂತಿದ್ದ, ಕುಡಿತ ಬಿಟ್ಟು ನಾಲ್ಕು ದಿನವಾಗಿದ್ದ ಗೃಹಸ್ಥರೊಬ್ಬರು ಲೋಟ ಎತ್ತಿದರು. ಕೈ ನಡುಗಿ ಬಿಸಿ ಟೀ ಬೆರಳ ಮೇಲೆ, ಪ್ಯಾಂಟಿನ ಮೇಲೆ. ಅವರು ತಲೆ ಎತ್ತಲೇ ಇಲ್ಲ.

ಹಿರಿಯರು ನನ್ನ ಕೈಯಿಂದ ಕೆಟಲ್ ಮೆಲ್ಲಗೆ ತೆಗೆದುಕೊಂಡರು. "ಇಲ್ಲಿ ಅರ್ಧ ಹಾಕ್ಬೇಕಮ್ಮ. ಕೈ ನಡುಗೋದು ಯಾರಿಗೂ ಕಾಣಬಾರ್ದು. ಬೇಕಾದ್ರೆ ಮೂರು ಸಲ ಹಾಕೋಣ."

ನನಗೆ ನಮ್ಮ ಮನೆಯ ಸ್ಟೂಲು, ಅದರ ಮೇಲಿನ ಒದ್ದೆ ಗುರುತು ಕಣ್ಣಿಗೆ ಬಂತು. ಮುಖ ಮರೆಸಿಕೊಳ್ಳಲು ಆನೆಯ ಚಿತ್ರದ ಕಡೆ ತಿರುಗಿದೆ.

ಮರುದಿನ ಬೆಳಗ್ಗೆ ಲೋಟಕ್ಕೆ ಅರ್ಧವೇ ಕಾಫಿ ಹಾಕಿ ತಂದೆ. "ಅಲ್ಲಿಡು" ಎನ್ನಲು ಬಾಯಿ ತೆರೆದವರು ಲೋಟ ನೋಡಿದರು.

"ಹಾಲಿಗೇನು ಬರವೇ?"

"ಇದೆ ರೀ. ಮುಗಿಸಿ, ಇನ್ನೊಂದಿಷ್ಟು ಹಾಕ್ತೀನಿ."

ಎರಡೂ ಕೈಯಲ್ಲಿ ಹಿಡಿದು ನನ್ನೆದುರೇ ಕುಡಿದರು. ಲೋಟ ಹಲ್ಲಿಗೆ ಟಕಟಕ ತಾಗಿತು. ಒಂದು ಹನಿಯೂ ಚೆಲ್ಲಲಿಲ್ಲ.

"ಯಾರು ಹೇಳಿಕೊಟ್ರು ನಿಂಗೆ?"

ಬ್ಲೌಸ್ ಪೀಸಿನ ಸುಳ್ಳನ್ನು ಒಪ್ಪಿಕೊಂಡೆ. ಸಿಸ್ಟರಿಗೆ ಹೇಳಿದ ಅಡ್ಮಿಷನ್ನಿನ ಕತೆಗೆ ಅವರಿಗೆ ನಗು ತಡೆಯಲಾಗಲಿಲ್ಲ. ನಗು ನಿಂತ ಮೇಲೆ ಲೋಟ ಮುಂದೆ ಚಾಚಿ, "ಇನ್ನೊಂದಿಷ್ಟು ಹಾಕು. ಎಷ್ಟು ಗಂಟೆಗೆ ಅಂದೆ?" ಎಂದರು.

ಪೂರ್ತಿ ಬಿಡಲು ಆಮೇಲೂ ಒಂದು ವರ್ಷ ಹಿಡಿಯಿತು. ನಡುವೆ ಎರಡು ಸಲ ಜಾರಿದರು. ಆದರೆ ಆ ವಾರದ ಭಾನುವಾರವೇ ನನ್ನ ಜೊತೆ ಆ ಗೇಟಿನ ತನಕ ಬಂದರು. ಅಂದು ಮನೆಯವರಿಗೆ ಪ್ರವೇಶವಿಲ್ಲ. ನಾನು ಸೈಕಲ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತೆ. ಅವರು ಕ್ಲಾಸಿನ ಬಾಗಿಲಲ್ಲಿ ನಿಂತರು, ತಿರುಗಿ ನನ್ನನ್ನು ನೋಡಿದರು. ಹೊರಟೇಬಿಡುತ್ತಾರೇನೋ ಎಂದು ಸೆರಗಿನ ತುದಿ ಹಿಡಿದು ಕೂತಿದ್ದೆ. ಒಳಗಿನಿಂದ ಬಿಳಿ ಮೀಸೆಯವರು ಎದ್ದು ಬಂದು, ಬಾಗಿಲ ಪಕ್ಕದ ಪುಟ್ಟ ಕುರ್ಚಿಯನ್ನು ಎಳೆದುಕೊಟ್ಟರು. ಇವರು ಬಗ್ಗಿ, ಅಷ್ಟೆತ್ತರದ ಮೈಯನ್ನು ಮಡಚಿ ಕೂತರು.

ಒಳಗೆ ಒಂದು ಕೈ ಇವರತ್ತ ಲೋಟ ಚಾಚಿದ್ದು ಕಿಟಕಿಯಲ್ಲಿ ಕಂಡಿತು. ಎಷ್ಟು ತುಂಬಿತ್ತೋ ಅಷ್ಟು ದೂರಕ್ಕೆ ಕಾಣಲಿಲ್ಲ. ಇವರು ಅದನ್ನು ಎಲ್ಲರೆದುರೇ ಬಾಯಿಗೆ ಎತ್ತಿಕೊಂಡರು.