ಇತಿಹಾಸಕ್ಕೆ ಹೆಣ್ಣು ಕೇಳಲು ಹೋದದ್ದು

ನನ್ನ ಮೊಮ್ಮಗಳು ಎಂ.ಎ. ಓದುವ ಹುಡುಗರಿಗೆ ಇತಿಹಾಸ ಕಲಿಸುತ್ತಿದ್ದಳು. ಈ ಒಂದು ಮಾತನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೋ ನನಗೇ ಗೊತ್ತಿಲ್ಲ. ದೇವರ ಹಿಪ್ಪರಗಿಯ ಸಂತೆಯಲ್ಲಿ ಬದನೆಕಾಯಿ ಆರಿಸುತ್ತ ಹೇಳಿದ್ದೇನೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರಿಗೆ ಹೇಳಿದ್ದೇನೆ. ಹಲ್ಲು ಕೀಳಿಸಿಕೊಳ್ಳಲು ಹೋದಾಗ, ಬಾಯಿ ತೆರೆಯಿರಿ ಎಂದ ಡಾಕ್ಟರಿಗೆ ಮೊದಲು ಇದನ್ನು ಹೇಳಿ ಆಮೇಲೆ ಹಲ್ಲು ತೋರಿಸಿದ್ದೇನೆ. ನಾನು ಓದಿದ್ದು ಮೂರನೆಯ ಇಯತ್ತೆ. ಅಷ್ಟರಲ್ಲಿ ಎಮ್ಮೆ ಕಾಯಲು ಹಚ್ಚಿದರು. ಅಂಥವಳ ಮನೆಯ ಕೂಸು ಕರಿಹಲಗೆಯ ಮುಂದೆ ನಿಂತು ಮಾತಾಡುತ್ತದೆ, ಮೀಸೆ ಬಂದ ಹುಡುಗರು ಎದ್ದು ನಿಂತು ನಮಸ್ಕಾರ ಮೇಡಂ ಅನ್ನುತ್ತಾರೆ ಅಂದರೆ ನಾನು ಬಾಯಿ ಮುಚ್ಚಿಕೊಂಡು ಹೇಗೆ ಇರಲಿ?

ವಿಶ್ವವಿದ್ಯಾಲಯದ ದೊಡ್ಡ ಆವರಣ ಇರುವುದು ಬೇರೆ ಜಿಲ್ಲೆಯಲ್ಲಿ. ನಮ್ಮ ಕಡೆಯ ಮಕ್ಕಳಿಗೆಂದು ಅದರದೊಂದು ಕೇಂದ್ರವನ್ನು ಸಿಂದಗಿ ರಸ್ತೆಯ ಬದಿಗೆ ತೆರೆದಿದ್ದರು. ಸುತ್ತಲೂ ತೊಗರಿ ಹೊಲ, ನಡುವೆ ಒಂದು ಹಳದಿ ಕಟ್ಟಡ. ಒಮ್ಮೆ ಮೊಮ್ಮಗಳು ಬುತ್ತಿ ಮರೆತು ಹೋದಳು. ಅದೇ ನೆಪವಾಯಿತು ನನಗೆ. ಬಸ್ಸು ಹತ್ತಿ ಹೋಗಿ, ಅವಳ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಬುತ್ತಿಗಂಟು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಅವಳು ಹೇಳಿದ್ದು ನನಗೆ ಕಾಲುಭಾಗವೂ ತಿಳಿಯಲಿಲ್ಲ. ಆದರೆ ಒಂದು ಕೈ ಸೊಂಟದ ಮೇಲಿಟ್ಟು, ಇನ್ನೊಂದು ಕೈಯಲ್ಲಿ ಗಾಳಿಯಲ್ಲಿ ನಕಾಶೆ ಬರೆಯುತ್ತ ಅವಳು ಮಾತಾಡುವುದನ್ನು ನೋಡಿ ನನಗೆ ಕಣ್ಣೀರು ಬಂತು. ಪಕ್ಕದ ಹುಡುಗಿ, "ಯಾಕ್ರಿ ಆಯಿ, ಆರಾಮ ಇಲ್ಲೇನು?" ಎಂದು ಕೇಳಿದಳು. ನಮ್ಮಲ್ಲಿ ಅಜ್ಜಿಗೆ ಆಯಿ ಅನ್ನುತ್ತಾರೆ. "ಆರಾಮ ಅದೇನವ್ವ, ಭಾಳ ಆರಾಮ ಅದೇನಿ" ಎಂದೆ.

ಹಾಗೆ ಹಿಗ್ಗುತ್ತಿದ್ದವಳಿಗೆ ಆ ಕಟ್ಟಡ ಒಳಗೊಳಗೇ ಸೊರಗುತ್ತಿದ್ದದ್ದು ಕಾಣಲಿಲ್ಲ. ಮೊದಲು ಪೇಪರ್ ಬರುವುದು ನಿಂತಿತು. ಗ್ರಂಥಾಲಯ ನೋಡಿಕೊಳ್ಳುವವರನ್ನು ಬಿಡಿಸಿದರು, ಕೀಲಿ ಬಿತ್ತು. ಬೋರಿನ ಮೋಟಾರು ಸುಟ್ಟಾಗ ರಿಪೇರಿಗೆ ಯಾರೂ ಬರಲಿಲ್ಲ. ಹುಡುಗಿಯರು ಮನೆಯಿಂದ ನೀರಿನ ಬಾಟಲಿ ತಂದರು, ಆಮೇಲೆ ನೀರು ಕುಡಿಯುವುದನ್ನೇ ಕಡಿಮೆ ಮಾಡಿದರು. ಹಿರಿಯ ಮಾಸ್ತರರು ಒಬ್ಬೊಬ್ಬರೇ ನಿವೃತ್ತರಾದರು, ಅವರ ಕುರ್ಚಿಗೆ ಯಾರನ್ನೂ ತರಲಿಲ್ಲ. ಇತಿಹಾಸಕ್ಕೆ ಉಳಿದವಳು ನನ್ನ ಮೊಮ್ಮಗಳೊಬ್ಬಳೇ. ಅವಳು ಅತಿಥಿ ಉಪನ್ಯಾಸಕಿ. ಹಾಗೆಂದರೆ ವರ್ಷ ವರ್ಷ ಮತ್ತೆ ಕರೆದರೆ ಹೋಗಬೇಕು, ಕರೆಯದಿದ್ದರೆ ಇಲ್ಲ. ಆರು ವರ್ಷ ಕರೆದಿದ್ದರು. ನಾನು ಅದನ್ನೇ ಖಾಯಂ ಎಂದುಕೊಂಡಿದ್ದೆ.

ಹೋದ ವರ್ಷ ಬೇಸಿಗೆಯಲ್ಲಿ ಅವಳು ಸಂಜೆ ಮನೆಗೆ ಬಂದವಳು ಚಪ್ಪಲಿ ಬಿಡದೆ ಕಟ್ಟೆಯ ಮೇಲೆ ಕೂತಳು.

"ಆಯಿ, ನಮ್ಮ ವಿಭಾಗ ಮುಚ್ಚತಾರಂತ."

"ಯಾಕ? ನೀ ಛಲೋ ಕಲಸಾಂಗಿಲ್ಲೇನು?"

"ಕಲಸೂದು ಯಾರು ಕೇಳ್ತಾರ! ಸರ್ಕಾರದ ರೊಕ್ಕ ಕಡಿಮಿ ಆಗೇತಂತ. ಹುಡುಗ್ರು ಹದಿನೈದು ಮಂದಿ ಆಗಲಿಲ್ಲಂದ್ರ ಆ ವಿಭಾಗ ದೊಡ್ಡ ಕ್ಯಾಂಪಸ್ಸಿಗೆ ಒಯ್ತಾರಂತ. ನಮಗ ಬಂದಾವ್ರು ಐದು ಮಂದಿ."

ಅಲ್ಲಿಗೆ ಒಯ್ದರೆ ನಮ್ಮ ಕಡೆಯ ಹೆಣ್ಣುಮಕ್ಕಳನ್ನು ಯಾರು ಕಳಿಸುತ್ತಾರೆ? ಬೆಳಿಗ್ಗೆ ಹೋಗಿ ಸಂಜೆ ಬರುವಂತಿದ್ದರೆ ಮಾತ್ರ ನಮ್ಮಲ್ಲಿ ಹುಡುಗಿ ಓದುತ್ತಾಳೆ. ಇದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನಾನು ಎದ್ದು ನಿಂತೆ. "ಹತ್ತು ಮಂದಿ ಅಲ್ಲೇನು? ಎಷ್ಟು ಮಂದಿ ಲಗ್ನಾ ಕೂಡ್ಸೇನಿ ನಾನು! ಹತ್ತು ಹುಡುಗ್ಯಾರನ್ನ ಸಾಲಿಗೆ ಕೂಡ್ಸೂದು ಆಗಾಂಗಿಲ್ಲೇನು? ಬಿಎ ಪಾಸಾಗಿ ಮನ್ಯಾಗ ಕುಂತಾವ್ರು ಎಲ್ಲೆಲ್ಲಿ ಅದಾರ, ಹೇಳು."

ಮೊಮ್ಮಗಳಿಗೆ ನಗು ಬಂತು. ಆ ನಗು ನೋಡಿ ನನಗೆ ಹತ್ತಾನೆಯ ಬಲ ಬಂತು.

ಮರುದಿನವೇ ನನ್ನ ನೆಗೆಣ್ಣಿಯನ್ನು, ಅಂದರೆ ಮೈದುನನ ಹೆಂಡತಿಯನ್ನು, ಕರೆದುಕೊಂಡು ಹೊರಟೆ. ಅವಳ ಬಾಯಿ ಬಿಚ್ಚಿದ ಕತ್ತರಿ, ಆದರೆ ಜೊತೆಗಿದ್ದರೆ ದಾರಿ ಸಾಗುತ್ತದೆ. ಹೆಣ್ಣುಮಗಳಿರುವ ಮನೆಗೆ ಬರಿಗೈಯಲ್ಲಿ ಹೋಗುವುದು ಹೇಗೆಂದು ಒಂದು ಚೀಲದಲ್ಲಿ ತೆಂಗಿನಕಾಯಿ, ಕುಪ್ಪಸದ ಕಣ, ಸ್ವಲ್ಪ ಸಕ್ಕರೆ ಇಟ್ಟುಕೊಂಡೆವು. ನಮಗೆ ಅದರಲ್ಲಿ ಏನೂ ತಪ್ಪು ಕಾಣಲಿಲ್ಲ.

ಮೊದಲು ಹೋದದ್ದು ಇಂಡಿಗೆ. ಗೊತ್ತಿದ್ದವರ ಮನೆ. ಮುಂಚೆಯೇ ಫೋನು ಮಾಡಿ, "ನಿಮ್ಮ ಹುಡುಗಿ ವಿಷಯ ಮಾತಾಡೂದೈತಿ, ಬರ್ತೇವಿ" ಎಂದಿದ್ದೆ. ಹೋಗಿ ನೋಡಿದರೆ ಪಡಸಾಲೆಗೆ ಜಮಖಾನೆ ಹಾಸಿದೆ. ಹುಡುಗಿಯ ಕಾಕಾ, ಸೋದರಮಾವ ಎಲ್ಲ ಟೋಪಿ ಹಾಕಿಕೊಂಡು ಕೂತಿದ್ದಾರೆ. ಅವಲಕ್ಕಿ, ಚಹಾ ಬಂತು. ಹಿಂದೆಯೇ ರೇಷ್ಮೆ ಸೀರೆ ಉಟ್ಟ ಹುಡುಗಿ ತಲೆ ತಗ್ಗಿಸಿಕೊಂಡು ಬಂದಳು. ನಾನು ಕಾಯಿ, ಕಣ ತೆಗೆದು ಅವಳ ಉಡಿಗೆ ಹಾಕಿದೆ. ಹುಡುಗಿಯ ಅಪ್ಪ ಗಂಟಲು ಸರಿಮಾಡಿಕೊಂಡರು.

"ಹುಡುಗ ಏನ್ ಮಾಡ್ತಾನ್ರಿ?"

"ಯಾವ ಹುಡುಗ್ರಿ?"

"ಮತ್ತ ಯಾರಿಗೆ ಕೇಳಾಕ ಬಂದೀರಿ ನಮ್ಮ ಹುಡುಗಿನ?"

ನನಗೆ ಆಗ ಗೊತ್ತಾಯಿತು. ಮಾತು ತೊದಲಿತು. "ಹುಡುಗ ಅಲ್ರಿ, ಇತಿಹಾಸ್ರಿ. ಇತಿಹಾಸಕ್ಕ ಕೇಳಾಕ ಬಂದೇವಿ."

ನೆಗೆಣ್ಣಿ ಸುಮ್ಮನಿರುತ್ತಾಳೆಯೇ? ಚಹಾದ ಬಸಿ ಕೆಳಗಿಟ್ಟು ಅಂದಳು: "ಹುಡುಗಗ ವಯಸ್ಸು ಜರಾ ಹೆಚ್ಚಾಗೇತ್ರಿ. ಒಂದೆರಡು ಸಾವಿರ ವರ್ಷ. ಆದ್ರ ಮನಿತನ ಛಲೋ ಐತಿ, ಕುಡ್ಯಾಂಗಿಲ್ಲ."

ಸೋದರಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಪ್ಪ ನಗಲಿಲ್ಲ, ಆದರೆ ಸಿಟ್ಟೂ ಮಾಡಲಿಲ್ಲ. ನಗದೆ ಇದ್ದವಳು ಇನ್ನೊಬ್ಬಳು, ಆ ಹುಡುಗಿ. ತಲೆ ಎತ್ತಿ ನನ್ನನ್ನೇ ನೋಡುತ್ತ, "ಖರೇನೇನ್ರಿ ಆಯಿ? ಇನ್ನೂ ಅಡ್ಮಿಷನ್ ಐತೇನ್ರಿ?" ಎಂದು ಕೇಳಿದಳು. ಹೆಣ್ಣು ನೋಡಲು ಬಂದವರ ಮುಂದೆ ಹಾಗೆ ಕಣ್ಣು ಹೊಳೆದ ಹುಡುಗಿಯನ್ನು ನಾನು ನನ್ನ ಆಯುಷ್ಯದಲ್ಲಿ ಕಂಡಿಲ್ಲ.

ಅವಳು ಬಂದಳು. ಝಳಕಿಯಿಂದ ಒಬ್ಬಳು, ದೇವಣಗಾಂವದಿಂದ ಅಕ್ಕತಂಗಿಯರಿಬ್ಬರು ಬಂದರು. ಮುದ್ದೇಬಿಹಾಳದವಳು ಸಿಂದಗಿಯಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಓದುತ್ತೇನೆ ಎಂದಳು. ಸುತ್ತಲಿನ ಹಳ್ಳಿಗಳಿಂದ ಇನ್ನೂ ನಾಲ್ವರು ಸಿಕ್ಕರು. ಹೋದಲ್ಲೆಲ್ಲ ಜಮಖಾನೆ, ಹೋದಲ್ಲೆಲ್ಲ "ಹುಡುಗ ಏನ್ ಮಾಡ್ತಾನ್ರಿ?" ಚೀಲ ಬಿಟ್ಟು ಹೋಗೋಣವೆಂದರೆ ನೆಗೆಣ್ಣಿ ಒಪ್ಪಲಿಲ್ಲ. "ಅವಲಕ್ಕಿ ತಪ್ಪತೈತಿ, ಸುಮ್ನ ಬಾ" ಅನ್ನುತ್ತಿದ್ದಳು.

ಹದಿನೈದು ತುಂಬಿಸಿದವಳು ಬಸವನ ಬಾಗೇವಾಡಿಯ ಈಚೆಯ ಹಳ್ಳಿಯ ಹುಡುಗಿ. ಆ ಮನೆಯಲ್ಲಿ ಮಾತ್ರ ನಗೆಗೆ ಜಾಗವಿರಲಿಲ್ಲ. ಅವಳಿಗೆ ಗಂಡು ನಿಕ್ಕಿಯಾಗುವುದರಲ್ಲಿತ್ತು. ಅವಳ ಅಪ್ಪ ಮೆತ್ತಗಿನ ಮನುಷ್ಯ.

"ಆಕೀಗೂ ಓದೂ ಮನಸೈತ್ರಿ. ದಿನಾ ಸಂಜಿಗೆ ಮನಿಗೆ ಬರ್ತಾಳೇನ್ರಿ?"

"ಬರ್ತಾಳ್ರಿ. ಬಸ್ ಐತಿ. ನನ್ನ ಮೊಮ್ಮಗಳು ಕಣ್ಣಾಗ ಕಣ್ಣಿಟ್ಟು ನೋಡ್ಕೋತಾಳ."

"ಎರಡು ವರ್ಷ ನಿಲ್ರಿ ಅಂತ ಬೀಗರಿಗೆ ಹೇಳ್ತೇನಿ ಹಂಗಾರ. ನಿಮ್ಮ ಮಾತಿನ ಮ್ಯಾಲ."

ಒಳಗಿನಿಂದ ಹುಡುಗಿ ಓಡಿ ಬಂದು ನನ್ನ ಕಾಲಿಗೆ ಬಿದ್ದಳು. ನಾನು ಅವಳನ್ನು ಎತ್ತಿ ಅಪ್ಪಿಕೊಂಡೆ.

ಕ್ಲಾಸು ಶುರುವಾದ ದಿನ ನಾನೂ ಹೋದೆ. ಹೋಗದೆ ಇರಲು ಸಾಧ್ಯವೇ? ಸಜ್ಜೆಯ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ಕಟ್ಟಿಕೊಂಡು ಹೋಗಿದ್ದೆ. ಬೆಂಚುಗಳು ತುಂಬಿದ್ದವು. ಮೊಮ್ಮಗಳು ಹಾಜರಿ ಕರೆಯುವಾಗ ಒಂದೊಂದು ಹೆಸರಿಗೂ ಅವಳ ದನಿ ಏರುತ್ತಿತ್ತು. ಬಾಗಿಲ ಹೊರಗೆ ನಿಂತು ನಾನು ಬಿಕ್ಕಿ ಬಿಕ್ಕಿ ಅತ್ತೆ, ಸುಖಕ್ಕೆ. "ಮೊದಲ ಮೋಟಾರು ಸುಟ್ಟೈತಿ, ಅತ್ತು ಟಾಕಿ ತುಂಬ್ಸೀಯೇನು?" ಎಂದಳು ನೆಗೆಣ್ಣಿ.

ಚಳಿಗಾಲ ಬರುವ ಹೊತ್ತಿಗೆ ಒಂದು ಸಮಿತಿ ಬಂತು. ವಿಶ್ವವಿದ್ಯಾಲಯದ ಎಲ್ಲ ವಿಭಾಗಗಳನ್ನೂ ಹೊಸದಾಗಿ ಜೋಡಿಸುತ್ತಾರಂತೆ. ಅದಕ್ಕೆ ಪುನಾರಚನೆ ಎಂದು ಹೆಸರು. ಚಹಾ ಮಾಡುವವರನ್ನೂ ಬಿಡಿಸಿದ್ದರಿಂದ ಮನೆಯಿಂದ ಚಹಾ ಒಯ್ದವಳು ನಾನೇ. ಕಾರಿನಿಂದ ಮೂವರು ಇಳಿದರು. ಒಳ್ಳೆಯ ಜನ, ಕೈಮುಗಿದೇ ಮಾತಾಡಿದರು. ಮೊಮ್ಮಗಳು ಅವರೊಂದಿಗೆ ಇಂಗ್ಲಿಷಿನಲ್ಲಿ ಪಟಪಟ ಮಾತಾಡಿದಳು. ನಾನು ಕಪ್ಪುಗಳನ್ನು ಹಿಡಿದುಕೊಂಡು, ಇವರು ಇವಳನ್ನು ಕೇಳಿ ಬೆರಗಾಗಿರಬೇಕು ಎಂದು ಹಿಗ್ಗುತ್ತ ನಿಂತಿದ್ದೆ.

ಅವರಲ್ಲಿ ಹಿರಿಯರೊಬ್ಬರು ಕಾಗದ ನೋಡಿ, "ವಿದ್ಯಾರ್ಥಿಗಳ ಸಂಖ್ಯೆ ಸರಿಯಾಗಿದೆ. ಆದರೆ ವಿಭಾಗದಲ್ಲಿ ಅಧ್ಯಾಪಕರು ಯಾರೂ ಇಲ್ಲವಲ್ಲ" ಎಂದರು.

ನನಗೆ ಕಿವಿ ಸರಿ ಕೇಳಲಿಲ್ಲವೇನೋ ಅನ್ನಿಸಿತು. "ಇಲ್ಲೇ ನಿಮ್ಮ ಮುಂದ ನಿಂತಾಳಲ್ರಿ ಸಾಹೇಬ್ರ."

"ಅವರು ಅತಿಥಿ ಉಪನ್ಯಾಸಕಿ ಅಮ್ಮ. ಖಾಯಂ ಅಲ್ಲ. ಲೆಕ್ಕಕ್ಕೆ ಹಿಡಿಯುವಂತಿಲ್ಲ. ಖಾಯಂ ಅಧ್ಯಾಪಕರಿಲ್ಲದ ವಿಭಾಗವನ್ನು ಉಳಿಸಿಕೊಳ್ಳಬಾರದು ಅಂತ ನಿಯಮ."

"ಆರು ವರ್ಷ ಆತ್ರಿ ಈಕಿ ಕಲಸಾಕತ್ತು. ಖಾಯಂ ಮಾಸ್ತರನ್ನ ಯಾಕ ಕೊಡಲಿಲ್ರಿ ಮತ್ತ?"

"ಅದಕ್ಕೆ ದುಡ್ಡಿಲ್ಲ ಅಮ್ಮ. ಅನುದಾನ ಕಡಿತವಾಗಿದೆ."

"ಹಂಗಾರ ಕೊಡದs ಇದ್ದಾವ್ರೂ ನೀವs, ಇಲ್ಲ ಅಂತ ಬರ್ಕೊಳ್ಳಾವ್ರೂ ನೀವs ಏನ್ರಿ?"

"ಆಯಿ, ಸಾಕು" ಎಂದಳು ಮೊಮ್ಮಗಳು. ಹಿರಿಯರು ಕನ್ನಡಕ ತೆಗೆದು ಒರೆಸಿಕೊಂಡರು. "ನಾವು ವರದಿ ಕೊಡುವವರು ಅಷ್ಟೇ. ಚಹಾ ಚೆನ್ನಾಗಿತ್ತು" ಎಂದು ಎದ್ದರು.

ಆ ದಿನ ಬಸ್ಸಿನಲ್ಲಿ ನಾನು ಯಾರೊಂದಿಗೂ ಮಾತಾಡಲಿಲ್ಲ. ಹಳ್ಳಿ ಹಳ್ಳಿ ತಿರುಗಿ ಹುಡುಗಿಯರನ್ನು ತಂದು ತುಂಬಿಸಿದೆವು. ಆದರೆ ಕಡಿಮೆ ಬಿದ್ದದ್ದು ಹುಡುಗಿಯರಲ್ಲ, ನನ್ನ ಮೊಮ್ಮಗಳು. ಅವಳು ಅಲ್ಲಿ ನಿಂತಿದ್ದಳು, ಮತ್ತು ಅಲ್ಲಿರಲಿಲ್ಲ. ಅವಳೂ ಕಿಟಕಿಯ ಹೊರಗೆ ನೋಡುತ್ತಿದ್ದಳು. ಅವಳ ಕೈ ಹಿಡಿದುಕೊಂಡೆ. ಬೆರಳಿನಲ್ಲಿ ಇನ್ನೂ ಸೀಮೆಸುಣ್ಣದ ಪುಡಿ ಇತ್ತು.

ಯುಗಾದಿಯ ಮುಂದೆ ಆದೇಶ ಬಂತು. ಇತಿಹಾಸ ವಿಭಾಗವನ್ನು ದೊಡ್ಡ ಆವರಣದಲ್ಲಿ ವಿಲೀನ ಮಾಡಿದ್ದಾರೆ, ಓದುವ ಮಕ್ಕಳು ಅಲ್ಲಿಗೆ ಹೋಗಿ ಮುಂದುವರಿಯಬಹುದು, ಅತಿಥಿ ಉಪನ್ಯಾಸಕರ ಅವಶ್ಯಕತೆ ಇಲ್ಲ. ಹಳದಿ ಕಟ್ಟಡಕ್ಕೆ ಪ್ರವಾಸ ನಿರ್ವಹಣೆಯ ಸರ್ಟಿಫಿಕೇಟು ಕೋರ್ಸು ಎಂದು ಹೊಸ ಬೋರ್ಡು ಹಾಕಿದರು. ಅದಕ್ಕೆ ಯಾರೂ ಸೇರಲಿಲ್ಲ. ಮೊಮ್ಮಗಳು ಈಗ ಬಸ್‌ಸ್ಟ್ಯಾಂಡಿನ ಹತ್ತಿರದ ಕಂಪ್ಯೂಟರ್ ಅಂಗಡಿಯಲ್ಲಿ ರೈತರಿಗೆ ಪಹಣಿ ತೆಗೆದುಕೊಡುತ್ತಾಳೆ. ಅದನ್ನೂ ಚೊಕ್ಕ ಮಾಡುತ್ತಾಳೆ ನನ್ನ ಬಂಗಾರ. ಆದರೆ ಮನೆಯಲ್ಲಿ ಮಾತಾಡುವಾಗ ಅವಳ ಕೈ ಈಗ ಅಲ್ಲಾಡುವುದಿಲ್ಲ.

ಹುಡುಗಿಯರಲ್ಲಿ ಒಬ್ಬಿಬ್ಬರು ದೊಡ್ಡ ಆವರಣಕ್ಕೆ ಹೋದರು. ಉಳಿದವರು ಮನೆಗೆ ಹೋದರು. ಬಾಗೇವಾಡಿಯ ಕಡೆಯ ಹುಡುಗಿಯಾದರೂ ಹೋಗಲಿ ಎಂದು ನಾನು ನೆಗೆಣ್ಣಿಯೊಂದಿಗೆ ಮತ್ತೆ ಆ ಮನೆಗೆ ಹೋದೆ. ಈ ಸಲ ಅವಳ ಬಾಯಿ ಬಸ್ಸಿನಲ್ಲೇ ಮುಚ್ಚಿತ್ತು.

ಹುಡುಗಿಯ ಅಪ್ಪ ನೀರು ಕೊಟ್ಟರು. ಹಾಸ್ಟೆಲ್ಲಿಗೆ ಹಾಕಿರಿ, ಒಂದು ವರ್ಷದ ಮಾತು ಎಂದು ನಾನು ಬೇಡಿಕೊಂಡೆ.

"ನೀವs ಅಂದಿದ್ರಲ್ರಿ ಆಯಿ, ಸಂಜಿಗೆ ಮನಿಗೆ ಬರ್ತಾಳಂತ. ಬೀಗರ ಮುಂದ ನಾನೂ ಅದನ್ನs ಹೇಳೇನಿ. ಈಗ ಯಾವ ಮುಖಾ ಹೊತ್ತು ಇನ್ನೊಂದು ಹೇಳ್ಲಿ? ಅವ್ರು ತಾರೀಖು ಹಿಡಿಸ್ಯಾರ."

ಅವರು ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಾಗಿದ್ದರೆ ನಾನು ಜಗಳವನ್ನಾದರೂ ಮಾಡುತ್ತಿದ್ದೆ. ಒಳಗೆ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ನಾವು ಮಾತಾಡಿದಷ್ಟು ಹೊತ್ತೂ ಅದು ನಿಲ್ಲಲಿಲ್ಲ. ಉಣ್ಣದೆ ಹೋಗಬೇಡಿ ಎಂದರು. ಕೂತೆವು. ಬಡಿಸಲು ಬಂದವಳು ಆ ಹುಡುಗಿಯೇ. ಮೊಣಕೈಯವರೆಗೆ ಹಿಟ್ಟು. ನನ್ನ ತಾಟಿಗೆ ಬಿಸಿ ರೊಟ್ಟಿ ಹಾಕಿ, ಅಪ್ಪನಿಗೆ ಕೇಳದಂತೆ ಮೆಲ್ಲಗೆ ಕೇಳಿದಳು:

"ಆಯಿ, ಮೇಡಂ ಪ್ಲೇಗಿನ ಪಾಠ ಅರ್ಧಕ್ಕ ಬಿಟ್ಟಾರ್ರಿ. ಬ್ಯಾನಿ ಬಂದು ಮಂದಿ ಊರು ಬಿಟ್ಟು ಅಡವ್ಯಾಗ ಗುಡಿಸಲಾ ಹಾಕಿದ್ರು, ಅಲ್ಲಿತನಾ ಆಗೇತಿ. ಅವ್ರು ಹೊಳ್ಳಿ ಊರಿಗೆ ಬಂದ್ರೇನ್ರಿ?"

ನನಗೇನು ಗೊತ್ತು? ಮೂರನೆಯ ಇಯತ್ತೆಯವಳು. ಹಿಂದಿನ ಬೆಂಚಿನಲ್ಲಿ ಕೂತು ಮೊಮ್ಮಗಳ ಕೈ ಮಾತ್ರ ನೋಡಿ ಬಂದವಳು.

"ಕೇಳಿ ಹೇಳ್ತೇನವ್ವ" ಎಂದೆ.

"ಲಗೂನ ಹೇಳ್ರಿ" ಎಂದಳು ಅವಳು. ಅವಳ ಲಗ್ನದ ಅಕ್ಕಿಕಾಳು ಮುಂದಿನ ವಾರವಿತ್ತು.