ದೊಡ್ಡಮ್ಮನ ನಿಧಾನದ ಉಸಿರು

ಎಪ್ಪತ್ತು ದಾಟಿದ ದೊಡ್ಡಮ್ಮನಿಗೆ ಕಳೆದ ವಾರ ಉಸಿರಾಡುವುದನ್ನು ಕಲಿಸಲು ಹೋಗಿ ಡಾಕ್ಟರ ಕೈಲಿ ಚೆನ್ನಾಗಿ ಬೈಸಿಕೊಂಡೆ.

ನಮ್ಮದು ಮಾಲೂರಿನ ಹತ್ತಿರದ ಟೇಕಲ್. ನಾನೂ ಹೆಂಡತಿಯೂ ಬೆಂಗಳೂರಿನ ಕೆಲಸಕ್ಕೆ ಬೆಳಗಿನ ರೈಲು ಹತ್ತಿದರೆ ಮನೆ ಸೇರುವುದು ಸಂಜೆಗೆ. ಅಲ್ಲಿಯವರೆಗೆ ಮನೆ, ಎರಡು ಸೀಮೆಹಸು, ಡೇರಿಯ ಹಾಲು ಎಲ್ಲ ದೊಡ್ಡಮ್ಮನದೇ ರಾಜ್ಯ. ಅವರೆಕಾಯಿ ಕಾಲ ಬಂತೆಂದರೆ ಮೂರು ಹೊತ್ತೂ ಹಿತಕಬೇಳೆ ಸಾರು. ಹೊಟ್ಟೆ ಉಬ್ಬರಿಸಿತೋ, ನೀರಿಗೆ ಅಡುಗೆ ಸೋಡಾ ಕದಡಿ ಗಟಗಟ ಕುಡಿಯುವುದು.

ಶುಕ್ರವಾರ ಸಂಜೆ, ಮುಖ ಬಾಡಿದೆಯಲ್ಲ ಅಂತ ದೊಡ್ಡಮ್ಮನನ್ನು ಕೇಳಿದ್ದೆ. ‘ನಂಗೇನಾಗಿಲ್ಲ ಕಣೋ’ ಅಂದಿದ್ದಳು. (ಹಸು ಒಂದು ಸಲ ಕೆಮ್ಮಿದರೆ ಮಾತ್ರ ಆಫೀಸಿಗೇ ಫೋನು ಬರುತ್ತದೆ!)

ಭಾನುವಾರ ಬೆಳಿಗ್ಗೆ ಹಸು ಅಂಬಾ ಎನ್ನುತ್ತಿದೆ, ದೊಡ್ಡಮ್ಮ ಎದ್ದಿಲ್ಲ. ಮಂಪರು. ಉಸಿರು ಎಣಿಸುವಷ್ಟು ನಿಧಾನ. ಹೇಗೋ ಕಾರಿಗೆ ಹತ್ತಿಸಿ ಮಾಲೂರಿನ ಒಂದು ಆಸ್ಪತ್ರೆಗೆ ಕರೆದೊಯ್ದೆವು.

ಎಮರ್ಜೆನ್ಸಿಯಲ್ಲಿ ನಾನು ಯೋಗದ ಮೇಷ್ಟ್ರಾದೆ. ಜೋರಾಗಿ ಎಳಕೋ ದೊಡ್ಡಮ್ಮ, ಬಿಡು, ಮತ್ತೆ ಎಳಕೋ. ಪಾಪ, ನನ್ನ ಮಾತು ಕೇಳಿದಳು. ಐದು ನಿಮಿಷಕ್ಕೆ ಅವಳ ಬೆರಳುಗಳು ಸೆಟೆದುಕೊಂಡವು.

ಡ್ಯೂಟಿಯಲ್ಲಿದ್ದ ಡಾಕ್ಟರು ಮುಳಬಾಗಿಲಿನ ಹುಡುಗಿ. ‘ಸುಮ್ನಿರಿ ಅಣ್ಣಾ,’ ಎಂದು ಗದರಿದಳು. ‘ಅವ್ರು ಸರಿಯಾಗೇ ಉಸಿರಾಡ್ತಿದಾರೆ. ಕೆಡಿಸ್ತಿರೋರು ನೀವು.’

ನಮ್ಮ ಗಡಿಸೀಮೆಯ ತೆಲುಗಿನಲ್ಲಿ ಅವಳು ಮೆಲ್ಲಗೆ ಕೇಳಿದ್ದಕ್ಕೆ ದೊಡ್ಡಮ್ಮ ಎಲ್ಲ ಬಾಯಿಬಿಟ್ಟಳು. ಮೂರು ದಿನದಿಂದ ಕೊಟ್ಟಿಗೆಯ ಹಿಂದೆ ಹೋಗಿ ಹೋಗಿ ವಾಂತಿ. ಮೂರು ದಿನವೂ ಸೋಡಾ.

ಬೆಂಗಳೂರಿಗೆ ಒಯ್ಯೋಣ, ವೆಂಟಿಲೇಟರ್ ಹಾಕಿಸೋಣ ಅಂತ ನಾನು ಕುಣಿಯುತ್ತಿದ್ದೆ. ಅಷ್ಟರಲ್ಲಿ ರಕ್ತದ ರಿಪೋರ್ಟ್ ಬಂತು. ಡಾಕ್ಟರು ನನ್ನನ್ನು ಕೂರಿಸಿ ಪಾಠ ಮಾಡಿದಳು. ವಾಂತಿಯಲ್ಲಿ ಹೊಟ್ಟೆಯ ಆಮ್ಲ ಹೋಗಿದೆ, ಮೇಲೆ ಸೋಡಾ, ರಕ್ತದಲ್ಲಿ ಕ್ಷಾರ ಏರಿದೆ. ಅದನ್ನು ಸರಿದೂಗಿಸಲು ದೇಹವೇ ಉಸಿರು ನಿಧಾನ ಮಾಡಿ ಕಾರ್ಬನ್ ಡೈಆಕ್ಸೈಡ್ ಉಳಿಸಿಕೊಳ್ಳುತ್ತದಂತೆ. ಜೋರಾಗಿ ಉಸಿರೆಳೆಸಿ ನಾನು ಅದನ್ನೇ ಹೊರಗೆ ಹಾಕಿಸಿದ್ದೆ, ಬೆರಳು ಸೆಟೆದದ್ದು ಅದಕ್ಕೇ. ಎಷ್ಟು ಉಳಿಸಿಕೊಳ್ಳಬೇಕೆಂಬುದಕ್ಕೂ ಒಂದು ಲೆಕ್ಕವಿದೆಯಂತೆ.

ರಿಪೋರ್ಟಿನಲ್ಲಿದ್ದ ಕಾರ್ಬನ್ ಡೈಆಕ್ಸೈಡ್ ಅಂಕಿಯ ಮೇಲೆ ಅವಳು ಹೆಬ್ಬೆರಳಿಟ್ಟು ಮುಚ್ಚಿದಳು. ಬೈಕಾರ್ಬನೇಟ್, ಅಂದರೆ ಆ ಕ್ಷಾರ, ನಲವತ್ತು. ಪಾಯಿಂಟ್ ಏಳರಿಂದ ಗುಣಿಸಿ ಇಪ್ಪತ್ತು ಕೂಡಿದರೆ ನಲವತ್ತೆಂಟು, ಮುಚ್ಚಿದ ಅಂಕಿ ಅಷ್ಟಿರಬೇಕು. ಐದು ಆಚೀಚೆಯಾದರೆ ಚಿಂತೆಯಿಲ್ಲ. ತೀರಾ ಹೆಚ್ಚಿದ್ದರೆ ಶ್ವಾಸಕೋಶದಲ್ಲೇ ಬೇರೆ ತೊಂದರೆಯಿದೆ, ಆಗ ಗಂಟಲಿಗೆ ಟ್ಯೂಬ್ ಇಳಿಸಿ ವೆಂಟಿಲೇಟರ್ ಹಾಕುವ ಯೋಚನೆ.

ಎಸ್ಸೆಸ್ಸೆಲ್ಸಿ ರಿಸಲ್ಟ್ ದಿನವೂ ನನ್ನ ಎದೆ ಅಷ್ಟು ಹೊಡೆದುಕೊಂಡಿರಲಿಲ್ಲ. ಹೆಬ್ಬೆರಳು ತೆಗೆದಳು. ನಲವತ್ತೊಂಬತ್ತು! ಅತ್ತೇಬಿಟ್ಟೆ. (ನಾಚಿಕೆಯೇನಿಲ್ಲ, ದೊಡ್ಡಮ್ಮನೇ ನನ್ನನ್ನು ಸಾಕಿದವಳು.)

ಸಲೈನ್, ಪೊಟ್ಯಾಷಿಯಂ ಏರಿಸಿದರು. ಮಾರನೇ ಸಂಜೆಗೆ ದೊಡ್ಡಮ್ಮ ಎದ್ದು ಕೂತು, ಹಾಲು ಕರೆದವರು ಯಾರು ಅಂತ ವಿಚಾರಣೆ ಶುರು ಮಾಡಿದಳು. ಮನೆಗೆ ಹೊರಟಾಗ ಡಾಕ್ಟರು ನನ್ನನ್ನು ಕೇಳಿದ್ದು ಒಂದೇ.

‘ಮೂರು ದಿನ ವಾಂತಿ ಆಗಿರೋದು ಒಂದೇ ಮನೇಲಿದ್ದೂ ಗೊತ್ತಾಗ್ಲಿಲ್ವಾ ಅಣ್ಣಾ?’

ದೊಡ್ಡಮ್ಮನ ದೇಹ ಮೂರು ದಿನ ಸದ್ದಿಲ್ಲದೆ ಸಂಭಾಳಿಸಿತ್ತು. ನಾನು ರೈಲು ತಪ್ಪೀತೆಂದು ಓಡುತ್ತಿದ್ದೆ.

ನಿನ್ನೆ ಸಂಜೆ ಮತ್ತೆ ಕೇಳಿದೆ. ‘ನಂಗೇನಾಗಿಲ್ಲ ಕಣೋ’ ಅಂದಳು. ಆ ಉತ್ತರದ ಮೇಲೆ ನಾನೇ ಹೆಬ್ಬೆರಳಿಟ್ಟು ಮುಚ್ಚಿ, ಪಕ್ಕದಲ್ಲಿ ಕೂತು ಕೇಳಿದೆ: ‘ಅದಿರಲಿ, ಬೆಳಿಗ್ಗೆಯಿಂದ ಏನು ತಿಂದೆ ಹೇಳು?’