ಬಿಸಿ ತುದಿ ಒಂದೆಳೆ ಮೇಲೆ

ನನ್ನ ನಾದಿನಿಯನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಮನೆಯಲ್ಲಿ ಅವಳು ಗಂಡನ ತಂಗಿ. ಲ್ಯಾಬಿನಲ್ಲಿ ನಾನು ಬೆಸುಗೆ ಹಾಕಿದ ಪೈಪುಗಳನ್ನು ಪರೀಕ್ಷಿಸುವವಳು. ಗಾರೆಯವರು ಮಟ್ಟ ನೋಡುವ ಗುಳ್ಳೆಪಟ್ಟಿಯ ಹೆಸರಿಟ್ಟು ಎಲ್ಲರೂ ಅವಳನ್ನು ‘ರಸಮಟ್ಟ’ ಎನ್ನುತ್ತಾರೆ. ಗೋಡೆಯ ಫೋಟೊ ಕೂದಲೆಳೆಯಷ್ಟು ವಾಲಿದ್ದರೂ ಊಟ ಬಿಟ್ಟೆದ್ದು ನೆಟ್ಟಗೆ ಮಾಡುವ ಜನ್ಮ ಅದು. ನಾವು ಗಂಡ ಹೆಂಡತಿ ಜಗಳವಾಡಿದರೆ, "ಅಣ್ಣಂದು ಅರ್ಧ ತಪ್ಪು, ನಿಮ್ದು ಅರ್ಧ" ಎಂದು ತೀರ್ಪು ಕೊಟ್ಟು ಮಲಗುತ್ತಾಳೆ. ಕೇಳಿದವರ್ಯಾರು?

ನಮ್ಮ ಪೈಪು ಉಪಗ್ರಹದೊಳಗೆ ಕೂತು ಬಿಸಿ ಸಾಗಿಸುವಂಥದ್ದು. ಬಿಸಿ ತುದಿಯಲ್ಲಿ ಒಳಗಿನ ದ್ರವ ಆವಿಯಾಗಿ ತಣ್ಣನೆಯ ತುದಿಗೆ ಓಡುತ್ತದೆ. ಅಲ್ಲಿ ಮತ್ತೆ ದ್ರವವಾಗಿ, ಒಳಗೋಡೆಯ ಸಣ್ಣ ಗೀರುಗಳನ್ನು ಹಿಡಿದು ವಾಪಸು ಬರುತ್ತದೆ. ಪಂಪಿಲ್ಲ, ಮೋಟಾರಿಲ್ಲ. ಪೈಪು ಸರಿಯಿದ್ದರೆ ಎರಡೂ ತುದಿಯ ಬಿಸಿ ಹೆಚ್ಚುಕಮ್ಮಿ ಒಂದೇ ಇರುತ್ತದೆ. ಗಾಳಿ ತೆಗೆದ ದೊಡ್ಡ ಡಬ್ಬಿಯಲ್ಲಿ, ಮಂಜುಗಡ್ಡೆಯೇ ಬೆಚ್ಚಗೆನ್ನುವಷ್ಟು ಚಳಿಯಲ್ಲಿ ಅದನ್ನು ಓಡಿಸಿ ನೋಡಬೇಕು. ಆಗ ಬಿಸಿ ತುದಿ ಒಂದೆಳೆ ಮೇಲಿರಬೇಕು. ಕೆಳಗಿದ್ದರೆ ದ್ರವ ತಾನೇ ಜಾರಿ ಬರುತ್ತದೆ, ಸತ್ತ ಪೈಪೂ ಪಾಸಾಗುತ್ತದೆ.

ನನ್ನ ಹಿಂದಿನ ಎರಡು ಪೈಪುಗಳನ್ನು ಅವಳು ಫೇಲು ಮಾಡಿದ್ದಳು. ಇದೂ ಹೋದರೆ ನನ್ನನ್ನು ಬೆಸುಗೆ ಮೇಜಿನಿಂದ ಎಬ್ಬಿಸಿ ಪ್ಯಾಕಿಂಗಿಗೆ ಹಾಕುವುದಾಗಿ ಸೂಪರ್‌ವೈಸರ್ ಹೇಳಿಯಾಗಿತ್ತು. ಬೆಸುಗೆಯೊಂದೇ ನನಗೆ ಇಷ್ಟವಾದ ಕೆಲಸ. ಅದೂ ಹೋದರೆ ನಾನು ಯಾರು?

ಮೂರನೆಯದರ ಪರೀಕ್ಷೆಯ ದಿನ ಬಿಸಿ ತುದಿ ಕಾಯುತ್ತಲೇ ಹೋಯಿತು, ತಣ್ಣನೆಯದು ಬಿಸಿಯೇರಲಿಲ್ಲ. ಪೈಪು ಬೇಗ ಸಾಗಹಾಕುವ ಅವಸರ ಸೂಪರ್‌ವೈಸರಿಗೂ ಇತ್ತು. ನಾದಿನಿ ಚಹಾಕ್ಕೆ ಹೋದದ್ದೇ ತಡ, ಅವರು ಡಬ್ಬಿಯ ಕಾಲಿನ ತಿರುಪು ತಿರುಗಿಸಿ ಬಿಸಿ ತುದಿಯನ್ನು ಇಳಿಸಿದರು. ನನ್ನ ಕಡೆ ನೋಡಿ ತಲೆಯಾಡಿಸಿದರು. ನಿಧಾನಕ್ಕೆ ಎರಡೂ ತುದಿ ಒಂದೇ ಹದಕ್ಕೆ ಬಂದವು. ನನಗೆ ಹೋದ ಜೀವ ಬಂದಂತಾಯಿತು.

ಅವಳು ಬಂದಳು. ಮೀಟರು ನೋಡಲಿಲ್ಲ, ಮಹಾತಾಯಿ! ನೇರವಾಗಿ ಬಗ್ಗಿ, ಡಬ್ಬಿಯ ಮೇಲಿನ ರಸಮಟ್ಟದಲ್ಲಿ ಗುಳ್ಳೆ ಎಲ್ಲಿದೆ ಎಂದು ನೋಡಿದಳು.

"ಯಾರು ಮುಟ್ಟಿದ್ದು?"

ಸೂಪರ್‌ವೈಸರ್ ಫೋನು ಕಿವಿಗಿಟ್ಟುಕೊಂಡು ಹೊರಗೆ ನಡೆದರು.

"ಯಾರಾದ್ರೇನು? ಪಾಸಾಗ್ತಿದೆಯಲ್ಲ, ಬಿಡೇ," ಎಂದೆ. "ನನ್ನ ಹೊಟ್ಟೆ ಮೇಲೆ ಹೊಡೀಬೇಡ. ಇದೊಂದ್ಸಲ ನೋಡೇ ಇಲ್ಲ ಅಂದ್ಕೋ."

"ಮೇಲೆ ಹೋದ್ಮೇಲೆ ಅದಕ್ಕೆ ಮೇಲೆ ಕೆಳಗೆ ಅನ್ನೋದೇ ಇರಲ್ಲ, ಅತ್ತಿಗೆ. ಅಲ್ಲಿ ತಿರುಪು ತಿರುಗಿಸೋಕೆ ಯಾರು ಹೋಗ್ತಾರೆ? ನೀವಾ?"

"ನೀನೇ ಹೋಗು, ಪೀಡೆ ತೊಲಗಲಿ!"

ಅವಳು ತಿರುಪನ್ನು ಹಿಂದಕ್ಕೆ ತಿರುಗಿಸಿದಳು. ಬಿಸಿ ತುದಿ ಮತ್ತೆ ಕಾಯತೊಡಗಿತು. ಪೈಪು ಫೇಲು.

ನಾನು ಸುಮ್ಮನಿರಲಿಲ್ಲ. ಗೀರು ಕೊರೆದವರ ತಪ್ಪಿಗೆ ನನ್ನ ತಲೆ ಯಾಕೆ, ಕುಯ್ದು ನೋಡಿ ಎಂದು ಎಲ್ಲರೆದುರು ಕೂಗಾಡಿದೆ. ಕುಯ್ದರು. ಬಿಸಿ ತುದಿಯ ಮುಚ್ಚಳದ ಹತ್ತಿರ ಬೆಸುಗೆ ಒಳಗಿಳಿದು ಗೀರುಗಳ ಬಾಯಿ ಮುಚ್ಚಿಬಿಟ್ಟಿತ್ತು. ನನ್ನದೇ ಬೆಸುಗೆ. ಅವಳು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಜಗಳ ತೆಗೆದು ಹಗುರಾಗುತ್ತಿದ್ದೆ.

ಈಗ ನಾನು ಪ್ಯಾಕಿಂಗಿನಲ್ಲಿದ್ದೇನೆ. ಅವಳು ಪಾಸು ಮಾಡಿದ, ಇನ್ಯಾರೋ ಬೆಸೆದ ಪೈಪುಗಳಿಗೆ ಸ್ಪಂಜು ಸುತ್ತುತ್ತೇನೆ. ಅತ್ತಿಗೆ ನಾದಿನಿ ರಾಜಿಯಾಗಿ ಎಂದು ಗಂಡ ಗೋಗರೆಯುತ್ತಾನೆ. ಹೇಗೆ ಆಗಲಿ? ತಪ್ಪು ಅವಳದಾಗಿದ್ದರೆ ಎಂದೋ ಕ್ಷಮಿಸಿಬಿಡುತ್ತಿದ್ದೆ.